ಮುನೀರಕ್ಕ ನೋಡಿದ ಮೊದಲ ಆಟ

ಅರಗು ಬಿಸಿಯಾದಾಗ ಏಳುವ ವಾಸನೆಯನ್ನು ಬಲ್ಲವರಿಗೆ ನಾನು ಹೆಚ್ಚೇನೂ ಹೇಳಬೇಕಿಲ್ಲ. ತಿರುಗುವ ಮರದ ಮೈಗೆ ಬಣ್ಣದ ಅರಗಿನ ಕಡ್ಡಿ ಒತ್ತಿದೊಡನೆ, ಸೀದ ಸಕ್ಕರೆಗೂ ಹಸಿ ಸೌದೆಗೂ ನಡುವಿನ ಒಂದು ಘಮ ಮೂಗಿಗೆ ಬರುತ್ತದೆ. ಮೊನ್ನೆ ಚನ್ನಪಟ್ಟಣದ ರಸ್ತೆ ಬದಿಯಲ್ಲಿ ಯಾರೋ ಬುಗುರಿ ಕಡೆಯುತ್ತಿದ್ದರು. ಆ ಘಮಕ್ಕೆ ಹಾಗೇ ನಿಂತುಬಿಟ್ಟೆ. ಖಾದರ್ ತಾತನ ಮನೆ, ಹಜಾರದಲ್ಲೇ ಗುಂಯ್‌ಗುಡುತ್ತಿದ್ದ ಲೇತು, ಮೊಣಕಾಲುದ್ದ ಮರದ ಹೊಟ್ಟು, ಕಿಟಕಿಯ ಪಕ್ಕ ಕೂತು ಬೊಂಬೆಗಳಿಗೆ ಕಣ್ಣು ಬರೆಯುತ್ತಿದ್ದ ಮುನೀರಕ್ಕ, ಎಲ್ಲ ಒಟ್ಟಿಗೇ ಬಂದವು.

ಮುನೀರಕ್ಕ ತಾತನ ಒಬ್ಬಳೇ ಮಗಳು. ಚಿಕ್ಕಂದಿನಲ್ಲೇ ಪೋಲಿಯೊ ತಗುಲಿ ಅವಳ ಒಂದು ಕಾಲು ಸೊರಗಿತ್ತು. ಊರುಗೋಲು ಹಿಡಿದು ನಡೆಯುವುದನ್ನು ಜನ ನೋಡುತ್ತಾರೆಂದು ಬೀದಿಗೇ ಬರುತ್ತಿರಲಿಲ್ಲ. ನನ್ನಮ್ಮ ಆ ಮನೆಗೆ ಬೊಂಬೆ ಉಜ್ಜುವ ಕೆಲಸಕ್ಕೆ ಹೋಗುತ್ತಿದ್ದಳು. ಶಾಲೆ ಬಿಟ್ಟೊಡನೆ ನಾನೂ ಅಲ್ಲೇ. ಬೊಂಬೆ ಸುತ್ತಲು ಬೆಂಗಳೂರಿನಿಂದ ಬರುತ್ತಿದ್ದ ರದ್ದಿಯಲ್ಲಿ ಹಳೆಯ ಇಂಗ್ಲಿಷ್ ಸಿನಿಮಾ ಪತ್ರಿಕೆಗಳು ಸಿಕ್ಕರೆ ಮುನೀರಕ್ಕ ಎತ್ತಿಟ್ಟುಕೊಳ್ಳುತ್ತಿದ್ದಳು. ಮನೆಗೇ ಬಂದು ಪಾಠ ಹೇಳುತ್ತಿದ್ದ ಮೇಷ್ಟ್ರಿಂದ ಕಲಿತ ಇಂಗ್ಲಿಷಿನಲ್ಲಿ ಓದಿ ನಮಗೆಲ್ಲ ಹೇಳುತ್ತಿದ್ದಳು. ಹಾಲಿವುಡ್ಡಿನಲ್ಲಿ ಹೊಸ ಚಿತ್ರದ ಮೊದಲ ಆಟವೆಂದರೆ ದೊಡ್ಡ ದೀಪಗಳ ಬೆಳಕನ್ನು ಆಕಾಶಕ್ಕೇ ಬಿಡುತ್ತಿದ್ದರಂತೆ. ತಾರೆಯರು ಕಾರಿನಿಂದಿಳಿದು ಕೆಂಪು ಹಾಸಿನ ಮೇಲೆ ನಡೆದು ಬರುತ್ತಿದ್ದರಂತೆ. ಯುದ್ಧದ ಕಾಲದಲ್ಲಿ ಲೋಹ ಸಾಲದೆ, ಅಲ್ಲಿ ಪ್ರಶಸ್ತಿಯಾಗಿ ಕೊಡುವ ಚಿನ್ನದ ಬೊಂಬೆಯನ್ನು ಗಾರೆಯಲ್ಲಿ ಮಾಡಿ ಬಣ್ಣ ಬಳಿದಿದ್ದರಂತೆ. ಮರದ ಬೊಂಬೆಯನ್ನು ಮಾತಾಡಿಸುವ ಕಲಾವಿದನೊಬ್ಬನಿಗೆ ಮರದ ಪ್ರಶಸ್ತಿಯನ್ನೇ ಕೊಟ್ಟಿದ್ದರೆಂದು ಅವಳು ಓದಿದ ದಿನ ತಾತ ಲೇತು ನಿಲ್ಲಿಸಿದರು. "ಮರದ್ದಾ?" ಎಂದು ಮತ್ತೆ ಮತ್ತೆ ಕೇಳಿ, ಬಹಳ ಸಮಾಧಾನದಿಂದ ಕೆಲಸಕ್ಕೆ ಮರಳಿದರು.

ಒಂದು ವರ್ಷ ನಮ್ಮೂರ ಟಾಕೀಸಿಗೆ ಭಾನುವಾರದ ಬೆಳಗಿನ ಆಟಕ್ಕೆಂದು ಹಳೆಯ ಇಂಗ್ಲಿಷ್ ಚಿತ್ರವೊಂದು ಬಂತು. ಎಲ್ಲಿಗೂ ಹೋಗಬೇಕೆಂದು ಕೇಳದ ಮುನೀರಕ್ಕ ತಾನು ಹೋಗಲೇಬೇಕೆಂದಳು. ಅವಳ ಅಮ್ಮಿಗೆ ಭಯ. ಅಷ್ಟು ಜನರೆದುರು ಹುಡುಗಿ ಕುಂಟಿಕೊಂಡು ಹೋಗುವುದೇ ಎಂದು ಕಣ್ಣೊರೆಸಿಕೊಂಡರು. ತಾತ ಮಾತ್ರ, "ನೋಡಕ್ಕೇ ತಾನೆ ಜನ ಅಲ್ಲಿಗ್ ಬರೋದು? ನೋಡ್ಲಿ ಬುಡು," ಎಂದರು.

ಜಟಕಾದಲ್ಲಿ ಹೊರಟೆವು. ಹಿಂದಿನ ದಿನ ಸುರಿದ ಮಳೆಗೆ ಟಾಕೀಸಿನ ಮುಂದೆಲ್ಲ ಕೆಸರು. ಊರುಗೋಲು ಊರಿದರೆ ಜಾರುವುದು ಖಂಡಿತ. ಸಾಲಿನಲ್ಲಿ ನಿಂತವರೆಲ್ಲ ನಮ್ಮತ್ತಲೇ ತಿರುಗಿದ್ದರು. ಮುನೀರಕ್ಕ ಮುಖ ತಗ್ಗಿಸಿ ಅಪ್ಪನಿಗೆ, "ವಾಪಸ್ ಓಗುಮ ಅಬ್ಬಾ," ಎಂದಳು. ತಾತ ಕೆಳಗಿಳಿದರು. ಗಾಡಿಯೊಳಗೆ ಕೂರಲು ಹಾಸಿದ್ದ ಜಮಖಾನೆಯನ್ನು ಎಳೆದು, ಕೆಸರಿನ ಮೇಲೆ ಟಾಕೀಸಿನ ಮೆಟ್ಟಿಲವರೆಗೂ ಬಿಡಿಸಿದರು. ಮದುವೆ ಮುಂಜಿಗಳಿಗೆ ತೆಗೆಯುವ ಕೆಂಪು ಜಮಖಾನೆ ಅದು. ಊರುಗೋಲು ಜಾರದಿರಲೆಂದಷ್ಟೇ ಅವರ ಯೋಚನೆ. ಆದರೆ ಅದನ್ನು ನೋಡಿದ ಮುನೀರಕ್ಕನಿಗೆ ನಗು ಬಂತು. ಒಂದು ಕೈಯಲ್ಲಿ ಊರುಗೋಲು, ಇನ್ನೊಂದು ಕೈ ನನ್ನ ಹೆಗಲ ಮೇಲೆ, ಇಳಿದಳು. ಸಾಲಿನ ಜನ ಹಿಂದೆ ಸರಿದು ದಾರಿ ಬಿಟ್ಟರು. ಯಾರೂ ನಗಲಿಲ್ಲ. ಬೇಗ ದಾಟಿಬಿಡೋಣವೆಂದು ನಾನು ಹೆಜ್ಜೆ ಹಾಕಿದರೆ ಅವಳು ಹೆಗಲು ಒತ್ತಿ, "ಒಸಿ ನಿಧಾನಕ್ ನಡಿಯೇ ಲಕ್ಷ್ಮಿ," ಎಂದಳು.

ಅಲ್ಲಿಂದಾಚೆ ಅವಳು ಮನೆಯಲ್ಲಿ ಕೂರಲಿಲ್ಲ. ಪೇಟೆಗೆ ಹೋದಳು, ಬಸ್ಸು ಹತ್ತಿದಳು, ಹೆಣ್ಣುಮಕ್ಕಳಿಗೆ ಬಣ್ಣದ ಕೆಲಸ ಕಲಿಸತೊಡಗಿದಳು. ರಸ್ತೆ ಅಗಲವಾದಾಗ ಆ ಮನೆ ಹೋಯಿತು. ತಾತ, ಅಮ್ಮಿ, ನನ್ನಮ್ಮ ಒಬ್ಬೊಬ್ಬರಾಗಿ ಹೋದರು. ಈಗ ರಾಮನಗರದ ಬಾಡಿಗೆ ಮನೆಯಲ್ಲಿ ಅವಳಿಗೆ ಮನೆ ತುಂಬ ಶಿಷ್ಯೆಯರು. ಹಾಲಿವುಡ್ಡಿನ ಪ್ರಶಸ್ತಿ ಸಮಾರಂಭ ನಮಗೆ ಬೆಳಗಿನ ಹೊತ್ತು ಟೀವಿಯಲ್ಲಿ ಬರುತ್ತದೆ. ಪ್ರತಿ ವರ್ಷ ಅಂದು ನಾನು ಅವಳಲ್ಲಿಗೆ ಹೋಗುತ್ತೇನೆ. ಗೆದ್ದವರು ವೇದಿಕೆಯ ಮೇಲೆ ನಿಂತು ತೀರಿಹೋದ ತಮ್ಮವರನ್ನು ನೆನೆಯುವಾಗ ಮುನೀರಕ್ಕನ ತುಟಿಯೂ ಅಲುಗುತ್ತದೆ. ಈ ಸಲ ಪಕ್ಕದಲ್ಲೇ ಕೂತಿದ್ದರಿಂದ ಕೇಳಿಸಿತು: ಅಬ್ಬಾ, ಅಮ್ಮಿ, ಆಮೇಲೆ ನನ್ನಮ್ಮನ ಹೆಸರು. ಅಷ್ಟರಲ್ಲಿ ಬಾಗಿಲಲ್ಲಿ ಹುಡುಗಿಯರು ಚಪ್ಪಲಿ ಬಿಡುವ ಸದ್ದಾಯಿತು. ಅವಳು ಕಣ್ಣೊರೆಸಿಕೊಂಡು ಪಾಠಕ್ಕೆ ಎದ್ದಳು.