ಸಣ್ಣಮ್ಮನ ಬೆರಳಿನ ಮಸಿ

ಆ ಮಸಿ ಹಚ್ಚಿದವನು ನಾನು. ಮತಗಟ್ಟೆಯ ಸಿಬ್ಬಂದಿಯಲ್ಲ — ಫೋಟೋ ತೆಗೆದ ನಾನೇ. ಹಾಸನದ ಪ್ರದರ್ಶನದಲ್ಲಿ, ಆಮೇಲೆ ಕ್ಯಾಲೆಂಡರಿನಲ್ಲಿ, ಯಾರದೋ ಮೊಬೈಲಿನಲ್ಲಿ ನೀವು ಆ ಚಿತ್ರ ನೋಡಿರಬಹುದು. ಸುಕ್ಕುಮುಖದ ಒಬ್ಬ ಅಜ್ಜಿ, ಮುಂದಕ್ಕೆ ಚಾಚಿದ ಎಡಗೈ, ತೋರುಬೆರಳಿನ ಉಗುರಿನ ಮೇಲೆ ಮತ ಹಾಕಿದ ಗುರುತು. ಕೆಳಗೆ ‘ಮತದಾನದ ಹೆಮ್ಮೆ’ ಎಂದು ಬರೆದಿತ್ತು. ಆಕೆ ಆ ದಿನ ಮತ ಹಾಕಿರಲಿಲ್ಲ. ಹಾಕದಂತೆ ತಡೆದದ್ದೂ ಅದೇ ಮಸಿ.

ಇದನ್ನು ಬರೆಯಲು ನನಗೆ ಇಷ್ಟು ವರ್ಷ ಹಿಡಿಯಿತು. ಯಾಕೆ ಅಂತ ಕೇಳಿದರೆ — ಬಿಡಿ, ಹೆದರಿಕೆ, ಅಷ್ಟೆ. ಅದಕ್ಕೆ ಬೇರೆ ಹೆಸರಿಡಲು ಹೋಗುವುದಿಲ್ಲ.

ಹೊಳೆನರಸೀಪುರದಲ್ಲಿ ನನ್ನದೊಂದು ಸ್ಟುಡಿಯೋ ಇದೆ. ಪಾಸ್‌ಪೋರ್ಟ್ ಸೈಜಿನ ಫೋಟೋ, ನಾಮಕರಣ, ಗೃಹಪ್ರವೇಶ, ಎಲ್ಲಕ್ಕಿಂತ ಹೆಚ್ಚಾಗಿ ಮದುವೆ. ಕಣ್ಣು ಮಿಟುಕಿಸುವವರನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ಮದುವೆ ಮನೆಯಲ್ಲಿ ಫೋಟೋದವನ ದರ್ಪ ಎಂಥದ್ದೆಂದು ನಿಮಗೆ ಗೊತ್ತೇ ಇದೆ. ತಾಳಿ ಕಟ್ಟುವ ಹೊತ್ತಿಗೆ ಯಾವನದೋ ತಲೆ ಅಡ್ಡ ಬಂದರೆ ‘ಇನ್ನೊಂದ್ಸಲ ಹಿಡ್ಕೊಳ್ಳಿ’ ಅನ್ನುತ್ತೇನೆ. ಪುರೋಹಿತರು ಗೊಣಗುತ್ತಾರೆ, ಗಂಡು ಬೆವರುತ್ತಾನೆ, ಆದರೂ ಹಿಡಿಯುತ್ತಾರೆ. ಧಾರೆ ಎರೆದಾದ ಮೇಲೂ ಮತ್ತೆ ಎರೆಸಿದ್ದೇನೆ. ಎಷ್ಟೋ ಆಲ್ಬಮ್ಮುಗಳಲ್ಲಿ ಇರುವುದು ಎರಡನೆಯ ಸಲದ ತಾಳಿ, ಎರಡನೆಯ ಸಲದ ಧಾರೆ. ಆಗಿರುವುದನ್ನು ಮತ್ತೆ ಆಗಿಸುವುದು ನನ್ನ ಕಸುಬು. ಸಣ್ಣಮ್ಮನ ವಿಷಯದಲ್ಲಿ ನಾನು ಮಾಡಿದ್ದು ಆಗದೇ ಇದ್ದದ್ದನ್ನು. ಆ ವ್ಯತ್ಯಾಸ ಅವತ್ತು ನನಗೆ ಹೊಳೆಯಲಿಲ್ಲ — ಹೊಳೆಯಲಿಲ್ಲವೋ, ಹೊಳೆಯಲು ಬಿಡಲಿಲ್ಲವೋ.

ಆ ವರ್ಷ ಬೆಂಗಳೂರಿನ ಒಂದು ಬಳಗದವರು ಊರೂರಿಗೆ ಪ್ರದರ್ಶನ ಒಯ್ಯುವ ಏರ್ಪಾಡು ಮಾಡಿದ್ದರು. ದೇಶದ ನೆಲ, ಜನ, ಪ್ರಜಾಪ್ರಭುತ್ವ — ಇವು ಮೂರೂ ಚಿತ್ರಗಳಲ್ಲಿ ಕಾಣಬೇಕು ಎಂದು ನಮ್ಮಂಥ ಊರಿನ ಫೋಟೋಗ್ರಾಫರುಗಳನ್ನು ಕೇಳಿದ್ದರು. ಜನ್ಮಕ್ಕೊಂದು ಅವಕಾಶ ಎಂದು ನಾನು ಉಬ್ಬಿಹೋದೆ. ಮದುವೆ ಬಿಟ್ಟು ಬೇರೆಯದನ್ನೂ ತೆಗೆಯಬಲ್ಲೆ ಎಂದು ತೋರಿಸಬೇಕಿತ್ತು. ಮುಂಜಾನೆ ಹೇಮಾವತಿಯ ದಡದಲ್ಲಿ ಕೂತೆ. ಕಟ್ಟಾಯದ ಕಡೆ ನಾಟಿ ಹಾಕುವವರ ಬೆನ್ನು ತೆಗೆದೆ. ಬೂವನಹಳ್ಳಿಯಲ್ಲಿ ವಿಮಾನ ಇಳಿಯಲಿದೆ ಎನ್ನುವ ಬಯಲಿನಲ್ಲಿ ದನ ಮೇಯುವುದನ್ನು ತೆಗೆದೆ. ಕಳಿಸಿದ ಮೇಲೆ ಅವರು ಫೋನ್ ಮಾಡಿ, ‘ನೆಲ ಬಂತು, ಜನ ಬಂದರು, ಪ್ರಜಾಪ್ರಭುತ್ವ ಎಲ್ಲಿ ಸಾರ್?’ ಎಂದರು. ಮತದಾನದ ದಿನ ಹತ್ತಿರದಲ್ಲೇ ಇತ್ತು. ಒಂದು ವಯಸ್ಸಾದ ಮುಖ, ಒಂದು ಮಸಿ ಬೆರಳು, ಅಷ್ಟು ಸಿಕ್ಕರೆ ಸಾಕು ಎಂದರು.

ಆ ದಿನ ಬೆಳಿಗ್ಗೆಯಿಂದ ಬೈಕಿನಲ್ಲಿ ಸುತ್ತಿದೆ. ಚನ್ನರಾಯಪಟ್ಟಣದಲ್ಲಿ ಸಿಕ್ಕವರೆಲ್ಲ ಬೆರಳು ಕೆನ್ನೆಗಿಟ್ಟು ತಮ್ಮ ಫೋಟೋ ತಾವೇ ತೆಗೆದುಕೊಳ್ಳುತ್ತಿದ್ದರು, ನನ್ನ ಕಡೆ ನೋಡುವವರೇ ಇಲ್ಲ. ಸಂಜೆಯ ಹೊತ್ತಿಗೆ ಅರಕಲಗೂಡು ರಸ್ತೆಯ ಒಂದು ಹಳ್ಳಿಗೆ ಬಂದೆ. ಊರಿನ ಹೆಸರು ಬರೆಯುವುದಿಲ್ಲ, ಅಲ್ಲಿಯವರಿಗೆ ಗೊತ್ತಾಗುತ್ತದೆ. ಮತಗಟ್ಟೆ ಶಾಲೆಯಲ್ಲಿತ್ತು. ಒಳಗೆ ಕ್ಯಾಮೆರಾ ಒಯ್ಯುವಂತಿಲ್ಲವಾದ್ದರಿಂದ, ಸುಣ್ಣದಲ್ಲಿ ಎಳೆದ ಗೆರೆಯಾಚೆ ಹೊಂಗೆ ಮರದ ಕೆಳಗೆ ನಿಂತಿದ್ದೆ. ಬಿಸಿಲು ಹಳದಿಗೆ ತಿರುಗುತ್ತಿತ್ತು. ಅಂಥ ಬೆಳಕು ಇರುವುದು ಕಾಲು ಗಂಟೆ, ಹೆಚ್ಚೆಂದರೆ ಇಪ್ಪತ್ತು ನಿಮಿಷ.

ಆಗ ಸಣ್ಣಮ್ಮ ಶಾಲೆಯಿಂದ ಹೊರಗೆ ಬಂದಳು. ಎಪ್ಪತ್ತು ದಾಟಿದ ಹೆಂಗಸು, ಹಬ್ಬಕ್ಕೆಂದು ಎತ್ತಿಟ್ಟ ಸೀರೆ, ಎಣ್ಣೆ ಹಚ್ಚಿ ಬಾಚಿದ ತಲೆ. ಎಂಥ ಮುಖ! ‘ಅಜ್ಜಿ, ಬೆರಳು ತೋರಿಸಿ’ ಎಂದು ಕೂಗಿದೆ. ತೋರಿಸಿದಳು. ಬೆರಳು ಖಾಲಿ.

“ಎಲ್ಲಪ್ಪ ಬೆರಳು! ನಾನು ಸತ್ತೋಗಿವ್ನಂತೆ ಕಣಪ್ಪ,” ಎಂದಳು. “ಮ್ಯಾಗಲ ಬೀದಿ ಸಣ್ಣಮ್ಮ ತೀರ್ಕಂಡ್ಲಲ್ಲ, ಅವ್ಳ ಬದ್ಲು ನನ್ನ ಬರ್ಕಬುಟ್ಟವ್ರೆ. ಕಾರ್ಡ್ ತಂದ್ ತೋರ್ಸಮ್ಮ, ನೋಡಾನ ಅಂದ್ರು. ತರಕ್ಕೆ ಓಯ್ತಾ ಇವ್ನಿ. ಬಾಗ್ಲು ಆಕೋ ಒಳಗೆ ಬಂದ್ಬುಡ್ಬೇಕು.”

ಆಕೆಯ ಮನೆ ಊರಾಚೆ, ಗದ್ದೆ ಬಯಲಿನ ಅಂಚಿನಲ್ಲಿ. ನನ್ನ ಬೈಕು ಅಲ್ಲೇ ನಿಂತಿತ್ತು. ‘ಹತ್ತಿ ಅಜ್ಜಿ, ಹೋಗಿ ಬರೋಣ’ ಎನ್ನಬಹುದಿತ್ತು. ಅಂದಿದ್ದರೆ ಹತ್ತು ನಿಮಿಷದಲ್ಲಿ ಹೋಗಿ ಬರುತ್ತಿದ್ದೆವು. ಆಕೆ ಮತ ಹಾಕುತ್ತಿದ್ದಳು. ನಿಜವಾದ ಮಸಿ ಬೆರಳಿಗೆ ಬರುತ್ತಿತ್ತು. ನಾನು ನಿಜವಾದ ಫೋಟೋ ತೆಗೆಯುತ್ತಿದ್ದೆ — ಆದರೆ ಬೆಳಕು ಹೋಗಿಬಿಡುತ್ತಿತ್ತು. ನಾನು ಯೋಚಿಸಿದ್ದು ಬೆಳಕನ್ನು.

ಆಲ್ಬಮ್ಮಿನ ಮೇಲೆ ಮದುವೆಯ ತಾರೀಖು ಬರೆಯುವ ಮಾರ್ಕರ್ ಪೆನ್ನು ಬ್ಯಾಗಿನಲ್ಲಿತ್ತು. ತೆಗೆದೆ. ‘ಒಂದ್ನಿಮಿಷ ಬನ್ನಿ ಅಜ್ಜಿ, ಕೈ ಕೊಡಿ’ ಎಂದೆ.

“ಇನ್ನೂ ಓಟೇ ಆಕಿಲ್ವಲ್ಲಪ್ಪ, ಮಸಿ ಯಾಕೆ?”

‘ಹೇಗೂ ಹಾಕ್ತೀರಲ್ಲ. ಬರೀ ಫೋಟೋಗೆ. ಒರೆಸಿದರೆ ಹೋಗುತ್ತೆ.’

ಆಕೆ ನನ್ನ ಮುಖ ನೋಡಿ ಗುರುತು ಹಿಡಿದಳು. “ನಮ್ ಮೊಮ್ಮಗಳ ಮದ್ವೇಲಿ ಫೋಟ ತೆಗ್ದೋನಲ್ವಾ ನೀನು?” ಎಂದು ನಕ್ಕು ಕೈ ಕೊಟ್ಟಳು. ಮದುವೆಯಲ್ಲಿ ಅಕ್ಷತೆಯನ್ನು ಎರಡು ಸಲ ಹಾಕಿಸಿದ್ದೆನಂತೆ. ಈ ಮನುಷ್ಯ ಹೇಳಿದ ಹಾಗೆ ಮಾಡಬೇಕು ಎನ್ನುವುದು ಆಕೆಗೆ ಆಗಲೇ ಅಭ್ಯಾಸವಾಗಿತ್ತು. ಉಗುರಿನ ಬುಡದಿಂದ ಬೆರಳಿನ ಚರ್ಮದವರೆಗೆ, ಬೂತಿನಲ್ಲಿ ಎಳೆಯುವಂತೆಯೇ, ನೀಟಾಗಿ ಗೆರೆ ಎಳೆದೆ. ಆ ಕಡೆ ನೋಡಿ, ಈ ಕಡೆ ನೋಡಿ, ಬೆರಳು ಸ್ವಲ್ಪ ಮೇಲೆ ಎನ್ನುತ್ತ ಹತ್ತಾರು ಫೋಟೋ ತೆಗೆದೆ. ಆಕೆಗೆ ಅವಸರ. ಕೊನೆಗೆ ಸಿಟ್ಟು ಬಂದು ಹುಬ್ಬು ಗಂಟಿಕ್ಕಿ ನೇರ ನನ್ನನ್ನೇ ನೋಡಿದಳು. ನೀವೆಲ್ಲ ಹೆಮ್ಮೆ ಅಂದುಕೊಂಡ ನೋಟ ಅದೇ. ಹೊತ್ತಾಗುತ್ತಿದೆ ಎನ್ನುವ ಸಿಟ್ಟು ಅದು.

ಸೆರಗಿಗೆ ಎಂಜಲು ಹಚ್ಚಿ ಬೆರಳು ಉಜ್ಜಿಕೊಳ್ಳುತ್ತಲೇ ಆಕೆ ಓಡುನಡಿಗೆಯಲ್ಲಿ ಮನೆಗೆ ಹೋದಳು. ನಾನು ಕ್ಯಾಮೆರಾದಲ್ಲಿ ಚಿತ್ರ ನೋಡುತ್ತ ಕೂತೆ. ಮಸಿ ಹೋಯಿತೇ ಎಂದು ನೋಡುವ ಯೋಚನೆ ಕೂಡ ಬರಲಿಲ್ಲ. ಅದು ಹೋಗುವ ಮಸಿಯಲ್ಲ. ನನಗೆ ಗೊತ್ತಿರಬೇಕಿತ್ತು, ಆಲ್ಬಮ್ಮಿನ ಮೇಲಿನ ತಾರೀಖು ಅಳಿಸಬಾರದೆಂದೇ ನಾನು ಆ ಪೆನ್ನು ಕೊಳ್ಳುವುದು.

ಆಕೆ ಕಾರ್ಡು ಹಿಡಿದು ಬಂದಳು, ಹೊತ್ತಿಗೆ ಮುಂಚೆಯೇ ಬಂದಳು, ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಗಲಾಟೆ ಕೇಳಿಸಿತು. ಸಿಬ್ಬಂದಿ ಮೊದಲು ನೋಡುವುದೇ ಬೆರಳನ್ನು. ‘ಆಗಲೇ ಹಾಕಿದ್ದೀರಲ್ಲಮ್ಮ’ ಎಂದಿದ್ದಾರೆ. ಅವರ ತಪ್ಪೇನಿಲ್ಲ, ಕಂಡದ್ದನ್ನು ಹೇಳಿದರು. ಸತ್ತವಳ ಹೆಸರಿನಲ್ಲಿ ಬಂದವಳು, ಬೆರಳಿನಲ್ಲಿ ಮಸಿ ಬೇರೆ — ಯಾರಿಗೆ ತಾನೆ ಅನುಮಾನ ಬರುವುದಿಲ್ಲ? ಕಾವಲಿಗಿದ್ದ ಪೊಲೀಸಿನವನು ಆಕೆಯನ್ನು ಕರೆದುಕೊಂಡು ಹೊರಗೆ ಬಂದ. ಆಕೆ ನನ್ನತ್ತ ಕೈ ತೋರಿಸಿದಳು.

“ಇವ್ನೇ ಕಣಪ್ಪ ಅಚ್ಚಿದ್ದು, ಮದ್ವೆ ಫೋಟದೋನು. ಕೇಳು ಬೇಕಾರೆ.”

ಅವನು ಕೇಳಿದ. “ಇವರ ಬೆರಳಿಗೆ ನೀವೇನಾದ್ರೂ ಹಚ್ಚಿದ್ರಾ ಸಾರ್?”

ಪಕ್ಷಗಳ ಏಜೆಂಟರು, ಸರದಿಯಲ್ಲಿದ್ದವರು, ಅರ್ಧ ಊರು ನನ್ನ ಬಾಯನ್ನೇ ನೋಡುತ್ತಿತ್ತು. ಕೇಸಾಗುತ್ತದೆ ಎಂದು ಹೆದರಿದೆ, ಅದು ಒಂದು. ಇನ್ನೊಂದು — ಹೌದು ಎಂದರೆ ಕ್ಯಾಮೆರಾ ಕಿತ್ತುಕೊಂಡು ಆ ಚಿತ್ರ ಅಳಿಸಿಬಿಡುತ್ತಾರೆ ಎಂದು. ಯಾವುದು ದೊಡ್ಡದಾಗಿತ್ತು ಎಂದು ಈಗಲೂ ನನ್ನನ್ನೇ ಕೇಳಿಕೊಳ್ಳುತ್ತೇನೆ. ಎರಡನೆಯದೇ ಇರಬೇಕು.

‘ಇಲ್ಲ. ನಾನು ಬರೀ ಫೋಟೋ ತೆಗೆದೆ’ ಎಂದೆ.

ನಾನು ಹೇಳಿದ್ದು ಸರಿಯಾಗಿ ಕೇಳಿಸಿಲ್ಲವೇನೋ ಎನ್ನುವಂತೆ ಆಕೆ ಇನ್ನೂ ನನ್ನ ಕಡೆಯೇ ನೋಡುತ್ತ ನಿಂತಿದ್ದಳು. ಏಜೆಂಟರಲ್ಲೊಬ್ಬ, “ಅಜ್ಜಿ, ಒಂದ್ ಸಾಲ್ದು ಅಂತ ಎರಡೋಟಾ?” ಎಂದ. ಎಲ್ಲರೂ ನಕ್ಕರು. ನಾನು ಬೈಕು ಹತ್ತಿದೆ.

ಪ್ರದರ್ಶನದಲ್ಲಿ ಆ ಚಿತ್ರ ಜನರನ್ನು ಗೆದ್ದಿತು. ಹಾಸನದಲ್ಲಿ ಶಾಲು ಹೊದಿಸಿದರು. ಪತ್ರಿಕೆಯಲ್ಲಿ ನನ್ನ ಮುಖವೂ ಬಂತು, ಪುಣ್ಯಕ್ಕೆ ಕಣ್ಣು ಬಿಟ್ಟೇ ಇದ್ದೆ. ಚನ್ನರಾಯಪಟ್ಟಣದ ಒಂದು ಕಾಲೇಜಿನಲ್ಲಿ ಮತದಾನದ ಮಹತ್ವದ ಬಗ್ಗೆ ಮಾತಾಡಲು ಕರೆದರು. ಹೋದೆ — ನಾಚಿಕೆಯಿಲ್ಲದೆ ಹೋದೆ. ಒಬ್ಬಳು ಹುಡುಗಿ ಎದ್ದು, ‘ಸರ್, ಆ ಅಜ್ಜಿ ಯಾರಿಗೆ ಹಾಕಿದ್ರಂತೆ?’ ಎಂದು ಕೇಳಿದಳು. ‘ಅದು ಗುಪ್ತ ಮತದಾನ ಅಲ್ವೇನಮ್ಮ!’ ಎಂದೆ. ಚಪ್ಪಾಳೆ ಬಿತ್ತು. ಆ ಚಪ್ಪಾಳೆ ನೆನೆದರೆ ಈಗ ಮೈಯೆಲ್ಲ ಹಿಡಿಯಾಗುತ್ತದೆ.

ಎರಡು ವರ್ಷದ ಮೇಲೆ ಅದೇ ಊರಿನಿಂದ ಗೃಹಪ್ರವೇಶದ ಫೋಟೋಗೆ ಕರೆ ಬಂತು. ಬೇರೆಯವರನ್ನು ಕಳಿಸಬಹುದಿತ್ತು. ಎಲ್ಲ ಮರೆತಿರುತ್ತಾರೆ ಎಂದುಕೊಂಡು ನಾನೇ ಹೋದೆ. ಊಟದ ಪಂಕ್ತಿಯಲ್ಲಿ ಬಡಿಸುವವನು ಕೂಗಿದ್ದು ಕೇಳಿಸಿತು. “ಲೇ, ಎರಡೋಟಿನ ಸಣ್ಣಮ್ಮಂಗೆ ಒಬ್ಬಟ್ಟು ಎರಡು ಆಕ್ರಲಾ!” ಎಲ್ಲರೂ ನಕ್ಕರು. ಆಕೆಯೂ ನಕ್ಕಳು. ನಗದೆ ಇನ್ನೇನು ಮಾಡಬೇಕಿತ್ತು? ಅದು ಆಗಲೇ ಆಕೆಯ ಹೆಸರಾಗಿಬಿಟ್ಟಿತ್ತು. ಮೇಲಿನ ಬೀದಿಯ ಸಣ್ಣಮ್ಮ ಸತ್ತವಳು, ಇವಳು ಎರಡೋಟಿನವಳು, ಹಾಗೆ ಗುರುತು. ನಾನು ತಲೆ ಬಗ್ಗಿಸಿ ಎಲೆ ಖಾಲಿ ಮಾಡಿದೆ.

ಕೈ ತೊಳೆಯುವಲ್ಲಿ ಆಕೆ ಎದುರಾದಳು. ತಂಬಿಗೆಯಿಂದ ನನ್ನ ಕೈಗೆ ನೀರು ಬಿಡುತ್ತ ಒಂದೇ ಮಾತು ಕೇಳಿದಳು.

“ಯಾಕಪ್ಪ ಅವತ್ತು ಇಲ್ಲ ಅಂದ್ಬುಟ್ಟೆ?”

ಕೇಳುತ್ತಿದ್ದವರು ಯಾರೂ ಇರಲಿಲ್ಲ. ಕೇಸಿನ ಭಯವಿರಲಿಲ್ಲ, ಚಿತ್ರ ಅಳಿಸುವವರಿರಲಿಲ್ಲ. ಆದರೂ ನಾನು, ‘ಯಾವತ್ತಜ್ಜಿ?’ ಎಂದೆ. ಮೊದಲ ಸುಳ್ಳಿಗಿಂತ ಇದೇ ನನ್ನನ್ನು ಹೆಚ್ಚು ಸುಡುವುದು. ಆಕೆ ತಂಬಿಗೆ ಕೆಳಗಿಟ್ಟು ಹೋದಳು. ಅದಾದ ಮೇಲೆ ಬಂದ ಯಾವ ಚುನಾವಣೆಗೂ ಸಣ್ಣಮ್ಮ ಶಾಲೆಯ ಕಡೆ ಸುಳಿದಿಲ್ಲ ಎಂದು ಆಮೇಲೆ ತಿಳಿಯಿತು. ಪಟ್ಟಿಯಲ್ಲಿ ಹೆಸರು ಸರಿಯಾಗಿದೆಯಂತೆ. ಕರೆಯಲು ಹೋದವರಿಗೆ, “ನಾನ್ ಎರಡಾಕೋಳು, ನನ್ನ ಯಾಕ್ ಕರೀತೀರಿ” ಅಂದಳಂತೆ.

ಕಳೆದ ತಿಂಗಳು ಪ್ರದರ್ಶನದವರಿಗೆ ಎಲ್ಲವನ್ನೂ ಬರೆದು, ಆ ಚಿತ್ರವನ್ನು ಗೋಡೆಯಿಂದ ಇಳಿಸಿಬಿಡಿ ಎಂದು ಕೇಳಿಕೊಂಡೆ. ಫೋನ್ ಬಂತು. ‘ಅಷ್ಟಕ್ಕೆಲ್ಲ ಯಾಕೆ ಬೇಜಾರು ಸಾರ್, ಭಾವನೆ ನಿಜ ತಾನೆ?’ ಎಂದರು. ನಾನೂ ಇಷ್ಟು ವರ್ಷ ನನಗೆ ಹೇಳಿಕೊಂಡ ಸಮಾಧಾನ ಅದೇ. ಬೇರೆಯವರ ಬಾಯಲ್ಲಿ ಕೇಳಿದಾಗ ಫೋನ್ ಇಟ್ಟುಬಿಟ್ಟೆ.

ಮೊನ್ನೆ ಭಾನುವಾರ ಆಕೆಯ ಮನೆಗೆ ಹೋದೆ. ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ನಿಂತುಕೊಂಡೇ ಶುರು ಮಾಡಿದೆ — ಅಜ್ಜಿ, ಅವತ್ತು ಮಸಿ ಹಚ್ಚಿದ್ದು ನಾನೇ, ಕೇಳಿದಾಗ ಇಲ್ಲ ಅಂದೆ, ನನ್ನಿಂದ ತಪ್ಪಾಯ್ತು —

ಆಕೆ ಮುಂದೆ ಹೇಳಗೊಡಲಿಲ್ಲ.

“ನಂಗ್ಯಾಕೆ ಏಳೀಯಪ್ಪ? ಅಚ್ಚಿಸ್ಕಂಡೋಳು ನಾನು, ನಂಗೊತ್ತಿಲ್ವಾ?” ಎಂದಳು. “ನಕ್ಕರಲ್ಲ, ಅವ್ರಿಗೇಳು.”

ಮತ್ತೆ ಅವರೆಕಾಯಿಗೆ ಕೈ ಹಾಕಿದಳು. ಕ್ಷಮಿಸಿದಳೋ ಇಲ್ಲವೋ ನನಗೆ ಗೊತ್ತಿಲ್ಲ. ಕೇಳುವ ಹಕ್ಕೂ ನನಗಿಲ್ಲ.

ಬರುವ ವಾರ ಆ ಊರಿನಲ್ಲಿ ಗ್ರಾಮಸಭೆ ಇದೆ, ಅದೇ ಶಾಲೆಯ ಅಂಗಳದಲ್ಲಿ. ಎರಡು ಮಾತಾಡಲು ಅವಕಾಶ ಕೇಳಿದ್ದೇನೆ. ಹೇಗೂ ಸಭೆಯ ಫೋಟೋ ತೆಗೆದುಕೊಡುತ್ತೇನೆ ಎಂದುಕೊಂಡು ಒಪ್ಪಿದ್ದಾರೆ. ಕ್ಯಾಮೆರಾ ಒಯ್ಯುವುದಿಲ್ಲ. ಅವತ್ತು ನಕ್ಕವರ ಮುಂದೆ ನಿಂತು, ಪೊಲೀಸಿನವನು ಕೇಳಿದ ಪ್ರಶ್ನೆಗೆ ಉತ್ತರ ಹೇಳುತ್ತೇನೆ. ಅವರು ಈ ಸಲ ನನ್ನನ್ನು ನೋಡಿ ನಗಲಿ. ಕೇಸು ಹಾಕುವುದಾದರೆ ಹಾಕಲಿ. ಸಣ್ಣಮ್ಮ ಸಭೆಗೆ ಬರುತ್ತಾಳೋ ಇಲ್ಲವೋ — ಬರದಿದ್ದರೂ ಹೇಳುತ್ತೇನೆ.