ಬಜೆ ಕೀಳಲು ಹೋದ ಮಧ್ಯಾಹ್ನ

ಗಾಳಿ, ಸೋಕು ಎಂದು ಮಾತಾಡುವವರನ್ನು ಕಂಡರೆ ನಾನು ಮುಸಿಮುಸಿ ನಗುತ್ತಿದ್ದವಳು. ಈಗಲೂ ಅವನ್ನೆಲ್ಲ ನಂಬುತ್ತೇನೆಂದು ಹೇಳಲಾರೆ. ಆದರೆ ಉಡಿಗಾಲದ ಹತ್ತಿರದ ಒಂದು ಕೆರೆಯಂಚಿನಲ್ಲಿ ನಡೆದದ್ದನ್ನು ಏನೆಂದು ಕರೆಯಬೇಕೋ ತಿಳಿಯದೆ ಇಷ್ಟು ವರ್ಷ ಹೊಟ್ಟೆಯೊಳಗೇ ಇಟ್ಟುಕೊಂಡಿದ್ದೇನೆ. ಓದಿದ ಮೇಲೆ ನಿಮಗೇನಾದರೂ ಹೊಳೆದರೆ ಒಳ್ಳೆಯದು.

ಆಗ ನನ್ನ ಮಗಳು ಮಾನ್ಯಳಿಗೆ ಮೂರು ತುಂಬಿತ್ತು. ಒಂದು ಮಾತೂ ಬಂದಿರಲಿಲ್ಲ. ಅತ್ತರೂ ಉಸಿರು ಕಟ್ಟಿದಂಥ ಸಣ್ಣ ಸದ್ದು ಬರುತ್ತಿತ್ತು, ಅಷ್ಟೆ. ಮೈಸೂರಿನಲ್ಲಿ ಪರೀಕ್ಷೆ ಮಾಡಿಸಿದೆವು, ಕಿವಿ ಚೆನ್ನಾಗಿತ್ತು. ಡಾಕ್ಟರು ಕೆಲವು ಅಭ್ಯಾಸ ಹೇಳಿಕೊಟ್ಟು, ಕಾಯಿರಿ ಎಂದರು. ಕಾಯುವುದು ಬಾಯಲ್ಲಿ ಹೇಳಿದಷ್ಟು ಸುಲಭವಲ್ಲ. ಗುಂಡ್ಲುಪೇಟೆಯಲ್ಲಿ ಕಚೇರಿ ಕೆಲಸ ಮುಗಿಸಿ ಮನೆಗೆ ಬಂದಾಗ ಪಕ್ಕದ ಮನೆಯ ಮಗು ತನ್ನ ತಾಯಿಯನ್ನು ಕೂಗಿದರೆ ನಾನು ಟಿವಿ ಸದ್ದು ಜಾಸ್ತಿ ಮಾಡುತ್ತಿದ್ದೆ. ಒಂದೇ ಒಂದು ಸಲ ಅವ್ವಾ ಅಂದುಬಿಡಲಿ, ಸಾಕು ಎನಿಸುತ್ತಿತ್ತು.

ಉಡಿಗಾಲದಲ್ಲಿದ್ದ ನಮ್ಮತ್ತೆ, ಬಜೆ ತೇದು ಮಗುವಿನ ನಾಲಿಗೆಗೆ ಸವರಬೇಕೆಂದು ಹಟ ಹಿಡಿದರು. ಅಂಗಡಿಯ ಒಣಬೇರು ಆಗದು, ನೀರಂಚಿನ ಹಸಿಬೇರೇ ಬೇಕು, ಅದನ್ನು ಹೆತ್ತವಳೇ ಕೀಳಬೇಕು.

“ಕೀಳೋವಾಗ ಆ ಬೇರಿನ್ ಎಸ್ರು ಏಳ್ಬ್ಯಾಡ ಕಣಮ್ಮಿ. ಕೆಸ್ರಿಗೆ ಕಾಲಿಟ್ ಮ್ಯಾಲೆ, ಮನೆಗ್ ಬಂದು ಕಲ್ ಮ್ಯಾಲೆ ತೇಯೋಗಂಟ ಬಾಯ್ ಬುಡಬಾರ್ದು. ಯಾರ್ ಕೂಗುದ್ರೂ ಓಗೊಡ್ಬ್ಯಾಡ, ತಿರುಗ್ ನೋಡ್ಬ್ಯಾಡ,” ಎಂದರು.

“ಓಗೊಟ್ಟರೆ ಏನಾಗುತ್ತೆ ಅತ್ತೆ?”

“ಏಳ್ದಷ್ಟ್ ಕೇಳು.”

ಮುಳುಗುವವರಿಗೆ ಹುಲ್ಲುಕಡ್ಡಿಯೂ ಆಸರೆ. ಒಂದು ಭಾನುವಾರ ಉಡಿಗಾಲಕ್ಕೆ ಹೋಗಿ, ಮಧ್ಯಾಹ್ನ ಮಗುವನ್ನು ಅತ್ತೆಯ ಮಡಿಲಲ್ಲಿ ಮಲಗಿಸಿ, ಕುಡುಗೋಲು ಹಿಡಿದು ಹೊರಟೆ. ಕೆರೆಯ ಆಚೆ ಚೆಂಡುಹೂವಿನ ಹೊಲ ಬಿಸಿಲಿಗೆ ಕಣ್ಣು ಕುಕ್ಕುತ್ತಿತ್ತು. ಒಂದು ನರಪಿಳ್ಳೆಯೂ ಇರಲಿಲ್ಲ. ಬಜೆಯೂ ಜೊಂಡೂ ನೋಡಲು ಒಂದೇ ಥರ. ಎಲೆ ಮುರಿದು ಮೂಸಿದರೆ ಮಾತ್ರ ಬಜೆಯ ಘಾಟು ಗೊತ್ತಾಗುತ್ತದೆ. ಮೊಣಕಾಲುದ್ದ ಕೆಸರಿನಲ್ಲಿ ಮುರಿಯುತ್ತ ಮೂಸುತ್ತ ಮುಂದೆ ಮುಂದೆ ಹೋದೆ. ಕೊನೆಗೆ ಸಿಕ್ಕಿದ ಗಿಡ ಹೂ ಬಿಟ್ಟಿತ್ತು. ಹೂವೆಂದರೆ ದಳವಿಲ್ಲ, ಬಣ್ಣವಿಲ್ಲ. ಎಲೆಯ ಪಕ್ಕದಿಂದ ಹಸಿರು-ಹಳದಿ ತೆನೆಯೊಂದು ಮಗುವಿನ ಬೆರಳಿನಂತೆ ಓರೆಯಾಗಿ ಚಾಚಿಕೊಂಡಿತ್ತು.

ಬುಡಕ್ಕೆ ಕುಡುಗೋಲು ಹಾಕಿದೆ. ಹಿಂದಿನಿಂದ ಕೂಗು ಬಂತು.

“ಅವ್ವಾ.”

ಯಾರದೋ ಮಗು ಅಂದುಕೊಂಡೆ. ಮತ್ತೆ ಬಂತು. “ಅವ್ವಾ, ಇತ್ತಗ್ ನೋಡವ್ವ.”

ಎಳೆಯ ದನಿ, ಕೊನೆಯಲ್ಲಿ ಸ್ವಲ್ಪ ಒಡಕು. ಅದು ಮಾನ್ಯಳ ದನಿ. ನನಗೆ ಅನುಮಾನವೇ ಇರಲಿಲ್ಲ. ಒಮ್ಮೆಯೂ ಕೇಳಿರದ ದನಿ ನನ್ನ ಮಗಳದೇ ಎಂದು ಹೇಗೆ ಗೊತ್ತಾಯಿತು? ಕೂಗಿಗಿಂತ ಹೆಚ್ಚಾಗಿ ಇವತ್ತಿಗೂ ನನ್ನನ್ನು ಕಾಡುವುದು ಈ ಪ್ರಶ್ನೆ.

ಅತ್ತೆಗೆ ಜೊಂಪು ಹತ್ತಿ ಮಗು ಎದ್ದು ಬಂದಿದ್ದರೆ? ಕೆಸರಿಗೆ ಇಳಿದುಬಿಟ್ಟರೆ? ಮೈಯೆಲ್ಲ ಹಿಂದಕ್ಕೆ ಎಳೆಯುತ್ತಿತ್ತು. ತಿರುಗಿ ನೋಡಿ, ಅದರಿಂದಲೇ ಅವಳು ಜನ್ಮವಿಡೀ ಮೂಕಿಯಾಗಿ ಉಳಿದರೆ ಎಂಬ ಭಯ ಇನ್ನೊಂದು ಕಡೆ. ನಂಬಿಕೆಯೇ ಇಲ್ಲದ ಕಟ್ಟಳೆಗೆ ನಾನು ಹೀಗೆ ಕಟ್ಟುಬಿದ್ದಿದ್ದೆ. ವೇಲಿನ ತುದಿಯನ್ನು ಬಾಯಿಗೆ ತುರುಕಿಕೊಂಡು ಬೇರು ಕಿತ್ತೆ. ಕೊನೆಯ ಸಲ ಕೂಗಿದಾಗ ದನಿಯಲ್ಲಿ ಅಳು ಇತ್ತು. ಆಮೇಲೆ ಕೂಗಲಿಲ್ಲ.

ಹಿಂದೆ ತಿರುಗದೆ ಕೆಸರಿನಂಚಲ್ಲೇ ಮುಂದೆ ಸಾಗಿ ಆಚೆ ದಡ ಹತ್ತಿ, ಹೊಲ ಬಳಸಿಕೊಂಡು ಓಡಿದೆ. ದಾರಿಯಲ್ಲಿ ಸಿಕ್ಕಿದ ಹೆಂಗಸೊಬ್ಬಳು, “ಏನವ್ವ, ಆಪೀಸ್ನೋರ್ಗೆ ನಮ್ ಜೊತೆ ಮಾತೇ ಇಲ್ವಾ?” ಎಂದು ಕೆಣಕಿದಳು. ಅವಳು ಏನಂದುಕೊಂಡಳೋ ಕಾಣೆ.

ಮಾನ್ಯ ಅತ್ತೆಯ ಮಡಿಲಲ್ಲೇ ಮಲಗಿದ್ದಳು. ಅಂಗಾಲು ಮುಟ್ಟಿ ನೋಡಿದೆ, ಕೆಸರಿರಲಿಲ್ಲ. ಕಲ್ಲಿನ ಮೇಲೆ ಬೇರು ತೇದ ಮೇಲೆ ಎಲ್ಲವನ್ನೂ ಹೇಳಿದೆ.

“ಮಗು ಮಿಸುಕಾಡ್ನಿಲ್ಲ ಕಣಮ್ಮಿ, ನಾನೂ ಕಣ್ ಮುಚ್ನಿಲ್ಲ,” ಎಂದ ಅತ್ತೆ ತಡೆದು ಕೇಳಿದರು, “ಓಗೊಟ್ಯಾ?”

ಇಲ್ಲವೆಂದೆ. ಅವರು ಉಸಿರು ಬಿಟ್ಟು, ತೇದದ್ದನ್ನು ಬೆರಳ ತುದಿಯಲ್ಲಿ ಮಗುವಿನ ನಾಲಿಗೆಗೆ ಸವರಿದರು. ಮತ್ತೆಂದೂ ಆ ವಿಷಯ ಎತ್ತಲಿಲ್ಲ, ನಾನು ಎತ್ತಿದರೂ ಎದ್ದು ಹೋಗುತ್ತಿದ್ದರು.

ಮಳೆಗಾಲ ಕಳೆದ ಮೇಲೆ ಒಂದು ಬೆಳಗ್ಗೆ ಒಗ್ಗರಣೆ ಹಾಕುತ್ತಿದ್ದೆ. ಬೆನ್ನ ಹಿಂದೆ “ಅವ್ವಾ” ಎಂದು ಕೇಳಿತು. ಅದೇ ದನಿ, ಅದೇ ಒಡಕು. ನಾನು ಸೌಟು ಹಿಡಿದು ಹಾಗೇ ನಿಂತೆ. ಸಾಸಿವೆ ಸೀದುಹೋಯಿತು. ಅವಳೇ ಬಂದು ಬಟ್ಟೆ ಹಿಡಿದು ಜಗ್ಗಿದ ಮೇಲೆ ಕೆಳಗೆ ಕೂತು ತಬ್ಬಿಕೊಂಡೆ. ಸಂತೋಷಕ್ಕೆ ಅಳುತ್ತಿದ್ದಾಳೆಂದರು ಮನೆಯವರು. ಸಂತೋಷವೂ ಇತ್ತು.

ಕೆಲವು ಮಕ್ಕಳಿಗೆ ತಡವಾಗಿ ಮಾತು ಬರುತ್ತದೆ, ಬೇರಿನಿಂದ ಏನೂ ಅಲ್ಲ ಎಂದರು ಡಾಕ್ಟರು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಗಿರಬಹುದು, ಒಪ್ಪುತ್ತೇನೆ. ಆದರೆ ಆ ಮಧ್ಯಾಹ್ನದ ದನಿ?

ಈಗ ಮಾನ್ಯ ಶಾಲೆಗೆ ಹೋಗುತ್ತಾಳೆ. ಮಾತು ಅರಳು ಹುರಿದಂತೆ. ಹಿಂದಿನಿಂದ ಕೂಗಿದರೆ ನಾನು ಥಟ್ಟನೆ ಉತ್ತರಿಸುವುದಿಲ್ಲ. ತಿರುಗಿ ಮುಖ ನೋಡಿ, ಕಾಲು ನೋಡಿ, ಆಮೇಲೆ “ಏನು?” ಎನ್ನುತ್ತೇನೆ. “ಕೂಗುದ್ರೆ ಓ ಅನ್ನಕ್ಕೇನವ್ವ ನಿಂಗೆ?” ಎಂದು ಮುನಿಸಿಕೊಳ್ಳುತ್ತಾಳೆ. ಅವಳಿಗೆ ಏನು ಹೇಳಲಿ? ಕೆರೆಯಂಚಿನಲ್ಲಿ ಕೂಗಿದ್ದು ಬೇರೆ ಯಾವುದೋ ಆಗಿದ್ದರೆ ಸರಿ. ಅವಳೇ ಆಗಿದ್ದರೆ, ನನ್ನ ಮಗಳು ಮೊದಲ ಸಲ ಅವ್ವಾ ಎಂದಾಗ ನಾನು ಸುಮ್ಮನಿದ್ದೆ.