ಹೊಸ್ತಿಲಾಚೆ ಕಳಚಿಟ್ಟ ಶೂ

ಹಡಗಿನಿಂದಿಳಿದು ಲಂಡನ್ ಸೇರಿದ ಮೊದಲ ವಾರ ನಾನೂ ನಮ್ಮ ಯಜಮಾನರೂ ಬಾಡಿಗೆ ಕೋಣೆ ಹುಡುಕುತ್ತಿದ್ದೆವು. ನನ್ನ ಕಣ್ಣಿಗೆ ಆ ಮಹಾನಗರವೆಂದರೆ ಬರೀ ಮುಚ್ಚಿದ ಬಾಗಿಲುಗಳು. ನಮ್ಮ ಮೈಬಣ್ಣ ಕಂಡೊಡನೆ ಖಾಲಿ ಕೋಣೆಗಳೆಲ್ಲ ಭರ್ತಿಯಾಗಿಬಿಡುತ್ತಿದ್ದವು.

ಆರನೆಯ ಮನೆಯ ಕಿಟಕಿಯಲ್ಲಿ ‘ಕೋಣೆ ಖಾಲಿ ಇದೆ’ ಎಂಬ ಬೋರ್ಡಿತ್ತು. ಗಂಟೆ ಒತ್ತಿ, ನಮ್ಮೂರು ಸಾಗರದಲ್ಲಿ ಯಾರ ಮನೆಗೆ ಹೋದರೂ ಮಾಡುವಂತೆ, ಮೆಟ್ಟಿಲ ಮೇಲೆ ಶೂ ಕಳಚಿಟ್ಟೆ. ಅಲ್ಲಿ ಹಿಮವಿದೆಯೆಂದು ಅಂಗಾಲು ಸುಟ್ಟಂತಾದಾಗಲೇ ನೆನಪಾದದ್ದು.

ಬಾಗಿಲು ತೆರೆದ ಮುದುಕಿ, “ಕೋಣೆ ಹೋಯಿತು” ಎಂದಳು.

“ಬಾರೆ ಮಾರಾಯ್ತಿ, ಹೋಪನ” ಎಂದರು ಇವರು.

ನಾನು ಕದಲಲಿಲ್ಲ. “ಹಾಗಿದ್ದರೆ ಬೋರ್ಡು ಯಾಕಿದೆ?” ಎಂದೆ.

ಆಕೆ ಕೆಳಗೆ ನೋಡಿದಳು. “ಅಯ್ಯೋ ದೇವರೇ, ಶೂ ಯಾಕೆ ಬಿಚ್ಚಿದೆ?”

“ಮನೆಯೊಳಗೆ ಬರುವಾಗ ಬಿಚ್ಚುವುದು ನಮ್ಮ ಪದ್ಧತಿ.”

“ನಾನಿನ್ನೂ ಒಳಗೆ ಕರೆದೇ ಇಲ್ಲವಲ್ಲ!”

“ಕರೆಯಿರಿ. ಅಲ್ಲಿಯವರೆಗೆ ಹೀಗೇ ನಿಂತಿರುತ್ತೇನೆ.”

ಪಕ್ಕದ ಮನೆಯ ಕಿಟಕಿಯ ಪರದೆ ಸರಿದು ಯಾರೋ ನನ್ನ ಬರಿಗಾಲನ್ನು ಇಣುಕಿ ನೋಡಿದರು. ಅದನ್ನು ಕಂಡದ್ದೇ ಆಕೆ ಬಾಗಿಲನ್ನು ಪೂರ್ತಿ ತೆರೆದಳು.

ಕೋಣೆ ಸಿಕ್ಕಿತು. ಷರತ್ತು ಒಂದೇ: ಮನೆಯೊಳಗೂ ಶೂ ಹಾಕಿಕೊಂಡೇ ಇರಬೇಕು. ಒಪ್ಪಿಕೊಂಡೆ. ಅಡುಗೆಮನೆಗೂ ಶೂ ಹಾಕಿಕೊಂಡು ಹೋಗುತ್ತೇನೆಂಬುದನ್ನು ಮಾತ್ರ ಅಮ್ಮನಿಗೆ ಈವರೆಗೂ ಬರೆದಿಲ್ಲ.